ಗಂಗೋತ್ರಿಯಿಂದ ಊರೂರಿಗೆ

1916ಕ್ಕೆ ಮೊದಲು ಮೈಸೂರಿನ ಮಹಾರಾಜ ಕಾಲೇಜಿನಲ್ಲೋ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲೋ ಓದಿದವರು ಪದವೀಧರರೆನ್ನಿಸಿಕೊಳ್ಳಬೇಕಾದರೆ ಮದರಾಸಿನ ಕಡೆ ಮುಖ ಮಾಡಬೇಕಿತ್ತು. ಪಾಠ ನಡೆಯುತ್ತಿದ್ದುದು ಇಲ್ಲಿ. ಪಠ್ಯ ಗೊತ್ತುಮಾಡುವವರು, ಪ್ರಶ್ನೆಪತ್ರಿಕೆ ತೆಗೆಯುವವರು, ಅಂಕ ಹಾಕುವವರು, ಕೊನೆಗೆ ಪದವಿ ಕೊಡುವವರು ಎಲ್ಲರೂ ಅಲ್ಲಿನವರು. ಕಾಲೇಜಿನ ಖರ್ಚು ಮೈಸೂರು ಸಂಸ್ಥಾನದ ಬೊಕ್ಕಸದ್ದು, ಅಂದರೆ ರಾಗಿ, ಭತ್ತ ಬೆಳೆದು ಕಂದಾಯ ಕಟ್ಟುವ ರೈತರದ್ದು. ಆದರೆ ಆ ಹಣದಲ್ಲಿ ಏನು ಕಲಿಸಬೇಕೆಂದು ತೀರ್ಮಾನಿಸುವ ಹಕ್ಕು ಸಂಸ್ಥಾನಕ್ಕೆ ಇರಲಿಲ್ಲ.

1912ರಲ್ಲಿ ದಿವಾನರಾದ ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಇದು ಸ್ವಂತ ಅನುಭವದಿಂದಲೇ ಗೊತ್ತಿತ್ತು. ಅವರು ಓದಿದ್ದು ಸೆಂಟ್ರಲ್ ಕಾಲೇಜಿನಲ್ಲಿ; 1881ರಲ್ಲಿ ಪಡೆದ ಬಿ.ಎ. ಮಾತ್ರ ಮದರಾಸು ವಿಶ್ವವಿದ್ಯಾನಿಲಯದ್ದು. ಕಾರ್ಖಾನೆ, ಅಣೆಕಟ್ಟು, ಬ್ಯಾಂಕುಗಳ ಬಗ್ಗೆ ಯೋಚಿಸಿದಷ್ಟೇ ತೀವ್ರವಾಗಿ ಅವರು ವಿಶ್ವವಿದ್ಯಾನಿಲಯದ ಬಗ್ಗೆಯೂ ಯೋಚಿಸಿದರು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಅದಕ್ಕೆ ಒತ್ತಾಸೆಯಾಗಿ ನಿಂತರು. ಮಹಾರಾಜ ಕಾಲೇಜಿನ ಸಿ.ಆರ್. ರೆಡ್ಡಿ, ಥಾಮಸ್ ಡೆನ್‌ಹ್ಯಾಂ ಅವರು ಹೊರದೇಶಗಳ ಉನ್ನತ ಶಿಕ್ಷಣ ವ್ಯವಸ್ಥೆಯನ್ನು ಅಧ್ಯಯನ ಮಾಡಿ ಈ ಯೋಜನೆಗೆ ರೂಪ ಕೊಟ್ಟರು. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಅಸ್ತಿತ್ವಕ್ಕೆ ಬಂತು.

ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ 1857ರಲ್ಲೇ ವಿಶ್ವವಿದ್ಯಾನಿಲಯಗಳು ಹುಟ್ಟಿದ್ದವು. ಆಮೇಲೆ ಲಾಹೋರು, ಅಲಹಾಬಾದುಗಳಲ್ಲಿ ಬಂದವು. ಅವೆಲ್ಲ ಬ್ರಿಟಿಷರು ನೇರವಾಗಿ ಆಳುತ್ತಿದ್ದ ಊರುಗಳು. ದೇಶೀ ಸಂಸ್ಥಾನವೊಂದು ತನ್ನದೇ ಕಾನೂನು ಮಾಡಿ, ತನ್ನದೇ ದುಡ್ಡು ಹಾಕಿ ವಿಶ್ವವಿದ್ಯಾನಿಲಯ ತೆರೆದದ್ದು ಮೈಸೂರಿನಲ್ಲೇ ಮೊದಲು. ಇಂದಿನ ಕರ್ನಾಟಕದ ನೆಲದಲ್ಲೂ ಇದೇ ಮೊದಲನೆಯದು. ನಾಲ್ವಡಿಯವರು ಅದರ ಕುಲಾಧಿಪತಿಗಳಾದರು. ಅದೇ ಕಾಲಕ್ಕೆ ಹುಟ್ಟಿದ ಕಾಶಿ ಹಿಂದೂ ವಿಶ್ವವಿದ್ಯಾನಿಲಯಕ್ಕೂ ಮೊದಲ ಕುಲಾಧಿಪತಿ ಅವರೇ.

ಮೊದಲ ಕುಲಪತಿಯಾಗಿ ಬಂದವರು ಎಚ್.ವಿ. ನಂಜುಂಡಯ್ಯ. ಈ ಆಯ್ಕೆಯ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ವಿಶ್ವವಿದ್ಯಾನಿಲಯ ಹುಟ್ಟುವುದಕ್ಕೆ ಒಂದೇ ವರ್ಷ ಮೊದಲು, 1915ರಲ್ಲಿ, ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪನೆಯಾಗಿತ್ತು. ಅದರ ಮೊದಲ ಅಧ್ಯಕ್ಷರೂ ನಂಜುಂಡಯ್ಯನವರೇ. ಒಂದು ಕೈಯಲ್ಲಿ ಕನ್ನಡದ ಪರಿಷತ್ತು, ಇನ್ನೊಂದು ಕೈಯಲ್ಲಿ ಇಂಗ್ಲಿಷಿನಲ್ಲಿ ಪಾಠ ಹೇಳುವ ವಿಶ್ವವಿದ್ಯಾನಿಲಯ. ಈ ಎರಡು ಕೈಗಳು ಯಾವಾಗ ಸೇರುತ್ತವೆ ಎಂಬ ಪ್ರಶ್ನೆಯ ಸುತ್ತಲೇ ಮುಂದಿನ ನೂರು ವರ್ಷಗಳ ಚರಿತ್ರೆ ಸುತ್ತಿಕೊಂಡಿದೆ.

ಹೋಲಿಕೆಗೆ ಹೈದರಾಬಾದನ್ನು ನೋಡಬಹುದು. ಮೈಸೂರಿಗಿಂತ ಎರಡು ವರ್ಷ ತಡವಾಗಿ ಬಂದ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಮೊದಲ ದಿನದಿಂದಲೇ ಉರ್ದುವನ್ನು ಬೋಧನಾ ಮಾಧ್ಯಮವಾಗಿ ಇಟ್ಟುಕೊಂಡಿತು. ಮೈಸೂರು ಹಾಗೆ ಮಾಡಲಿಲ್ಲ. ಇಲ್ಲಿ ಇಂಗ್ಲಿಷೇ ಮಾಧ್ಯಮ. ಕನ್ನಡ ಓದುವ ವಿಷಯಗಳಲ್ಲಿ ಒಂದು, ಅಷ್ಟೆ. ಕನ್ನಡಕ್ಕೆ ಇಲ್ಲಿ ದೊರೆತದ್ದೆಲ್ಲ ಅರಮನೆಯ ಆಜ್ಞೆಯಿಂದ ಬಂದದ್ದಲ್ಲ. ಅಧ್ಯಾಪಕರು ಒಬ್ಬೊಬ್ಬರಾಗಿ, ಹಠ ಹಿಡಿದು, ಸಂಬಳದ ಕೆಲಸ ಮುಗಿಸಿದ ಮೇಲೆ ಮಾಡಿದ ದುಡಿಮೆಯಿಂದ ಬಂದದ್ದು.

ವಿಶ್ವವಿದ್ಯಾನಿಲಯಕ್ಕೆ ವಯಸ್ಸು ನೂರು ದಾಟಿದ್ದರೂ ಅದರ ಕೆಲವು ಬೇರುಗಳು ಇನ್ನೂ ಹಿಂದಕ್ಕೆ ಹೋಗುತ್ತವೆ. ಮಹಾರಾಜ ಕಾಲೇಜಿನ ಮೂಲ 1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತೆರೆದ ರಾಜಾ ಉಚಿತ ಶಾಲೆಯಲ್ಲಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜು 1858ರಲ್ಲಿ ಹೈಸ್ಕೂಲಾಗಿ ಶುರುವಾದದ್ದು. 1891ರಲ್ಲಿ ಚಾಮರಾಜ ಒಡೆಯರು ಓಲೆಗರಿ ಗ್ರಂಥಗಳನ್ನು ಕೂಡಿಡಲು ತೆರೆದ ಪ್ರಾಚ್ಯ ಗ್ರಂಥಾಲಯ 1916ರಲ್ಲಿ ವಿಶ್ವವಿದ್ಯಾನಿಲಯದ ಸುಪರ್ದಿಗೆ ಬಂತು. ಇಂದು ಅದು ಪ್ರಾಚ್ಯವಿದ್ಯಾ ಸಂಶೋಧನಾಲಯ.

ಆ ಗ್ರಂಥಾಲಯದ ಕಥೆಯೊಂದನ್ನು ಹೇಳದೆ ಮುಂದೆ ಹೋಗುವಂತಿಲ್ಲ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಗ್ರಂಥ ಲಿಪಿಯಲ್ಲಿದ್ದ ಓಲೆಗರಿ ಕಟ್ಟೊಂದನ್ನು ತಂದು ಗ್ರಂಥಾಲಯಕ್ಕೆ ಒಪ್ಪಿಸಿದರು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಗರಿಗಳನ್ನು ಬಿಡಿಸಿ ಓದಿದಾಗ ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ತಿಳಿಯಿತು. ಹಳೆಯ ಗ್ರಂಥಗಳಲ್ಲಿ ಅದರ ಹೆಸರು, ಅಲ್ಲಲ್ಲಿ ಕೆಲವು ಮಾತುಗಳು ಉಳಿದಿದ್ದವೇ ಹೊರತು ಇಡೀ ಕೃತಿ ಕಳೆದೇಹೋಗಿದೆ ಎಂದು ವಿದ್ವಾಂಸರು ನಂಬಿದ್ದರು. 1909ರಲ್ಲಿ ಸಂಸ್ಕೃತ ಪಾಠ ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದ ಹೊರಬಂತು. ಪ್ರಾಚೀನ ಭಾರತದಲ್ಲಿ ರಾಜ್ಯಾಡಳಿತ, ತೆರಿಗೆ, ಗೂಢಚಾರಿಕೆ ಹೇಗಿದ್ದವೆಂಬ ತಿಳಿವಳಿಕೆಯೇ ಅಲ್ಲಿಂದ ಬದಲಾಯಿತು.

ಹೊಸ ವಿಶ್ವವಿದ್ಯಾನಿಲಯ ಎರಡು ಊರುಗಳಲ್ಲಿ ಹರಡಿಕೊಂಡಿತ್ತು. ಕಲಾ ವಿಷಯಗಳಿಗೆ ಮೈಸೂರು, ವಿಜ್ಞಾನಕ್ಕೆ ಬೆಂಗಳೂರು. 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು. 1924ರಲ್ಲಿ ಅಲ್ಲೇ ಶುರುವಾದ ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡಿತು. ಮೊದಲ ಘಟಿಕೋತ್ಸವ ನಡೆದದ್ದು 1918ರಲ್ಲಿ. ಭಾಷಣ ಮಾಡಲು ಕಲ್ಕತ್ತದಿಂದ ಸರ್ ಆಶುತೋಷ್ ಮುಖರ್ಜಿ ಬಂದಿದ್ದರು. ಕಲ್ಕತ್ತ ವಿಶ್ವವಿದ್ಯಾನಿಲಯವನ್ನು ಬರೀ ಪರೀಕ್ಷೆ ನಡೆಸುವ ಕಚೇರಿಯ ಸ್ಥಿತಿಯಿಂದ ಎತ್ತಿ ಸ್ನಾತಕೋತ್ತರ ಅಧ್ಯಯನದ ಕೇಂದ್ರವಾಗಿ ಮಾಡಿದವರು ಅವರು. ಮೈಸೂರಿಗೂ ಬೇಕಾಗಿದ್ದುದು ಅದೇ ದಾರಿ.

ಕಲ್ಕತ್ತದ ನಂಟು ಅಲ್ಲಿಗೆ ಮುಗಿಯಲಿಲ್ಲ. ದಾರ್ಶನಿಕ ಬ್ರಜೇಂದ್ರನಾಥ ಶೀಲರು 1920ರ ದಶಕದಲ್ಲಿ ಇಲ್ಲಿ ಕುಲಪತಿಗಳಾಗಿದ್ದರು. ಸಂಸ್ಥಾನದ ಆಡಳಿತ ಸುಧಾರಣೆಗೆಂದು ನೇಮಿಸಿದ ಸಮಿತಿಗೂ ಅವರದೇ ಅಧ್ಯಕ್ಷತೆ. ಇತ್ತ ಮಹಾರಾಜ ಕಾಲೇಜಿನಲ್ಲಿ 1918ರಿಂದ ತತ್ತ್ವಶಾಸ್ತ್ರ ಹೇಳುತ್ತಿದ್ದ ಸರ್ವೆಪಲ್ಲಿ ರಾಧಾಕೃಷ್ಣನ್ 1921ರಲ್ಲಿ ಕಲ್ಕತ್ತಕ್ಕೆ ಹೊರಟರು. ಅವರನ್ನು ಬೀಳ್ಕೊಡುವ ದಿನ ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಗಾಡಿಯ ಕುದುರೆಗಳನ್ನು ಬಿಚ್ಚಿ, ತಾವೇ ನೊಗಕ್ಕೆ ಹೆಗಲು ಕೊಟ್ಟು ರೈಲ್ವೆ ನಿಲ್ದಾಣದವರೆಗೆ ಎಳೆದುಕೊಂಡು ಹೋದರು. ಮೈಸೂರಿನಲ್ಲಿ ಮೇಷ್ಟರ ಮೇಲಿದ್ದ ಅಭಿಮಾನಕ್ಕೆ ಈ ಪ್ರಸಂಗವನ್ನು ಇಂದಿಗೂ ನೆನೆಯುತ್ತಾರೆ. ಅದೇ ಕಾಲೇಜಿನಲ್ಲಿ ಸಂಸ್ಕೃತಕ್ಕೆ ಎಂ. ಹಿರಿಯಣ್ಣ, ತತ್ತ್ವಶಾಸ್ತ್ರಕ್ಕೆ ಎ.ಆರ್. ವಾಡಿಯಾ, ಇತಿಹಾಸಕ್ಕೆ ಬ್ರಹ್ಮಗಿರಿಯ ಉತ್ಖನನ ನಡೆಸಿದ ಎಂ.ಎಚ್. ಕೃಷ್ಣ ಇದ್ದರು. ಅವರ ಪಾಠ ಕೇಳಿದ ಪೀಳಿಗೆಗಳ ಮಾತಿನಲ್ಲಿ ಕಾಲೇಜಿನ ಜೂನಿಯರ್ ಬಿ.ಎ. ಹಾಲಿನ ಹೆಸರು ಮತ್ತೆ ಮತ್ತೆ ಬರುತ್ತದೆ. ಆ ಹಾಲಿನಲ್ಲಿ ಕೂತು ಪಾಠ ಕೇಳುವುದು, ಅಲ್ಲಿ ನಿಂತು ಭಾಷಣ ಮಾಡುವುದು ಎರಡೂ ಗೌರವದ ಸಂಗತಿಗಳೇ.

ಬೆಂಗಳೂರಿನ ಸೆಂಟ್ರಲ್ ಕಾಲೇಜು ಇದಕ್ಕಿಂತ ಹಿಂದೆ ಬಿದ್ದಿರಲಿಲ್ಲ. 1928ರ ಮಾರ್ಚ್ 16ರಂದು ಸಿ.ವಿ. ರಾಮನ್ ತಾವು ಕಂಡುಹಿಡಿದ ಹೊಸ ಬೆಳಕಿನ ಪರಿಣಾಮವನ್ನು ವಿಜ್ಞಾನಿಗಳ ಸಭೆಯ ಮುಂದೆ ವಿವರಿಸಿದ್ದು ಈ ಕಾಲೇಜಿನಲ್ಲಿ. ಮುಂದೆ ಭಾರತರತ್ನರಾದ ಸಿ.ಎನ್.ಆರ್. ರಾವ್ ಬಿ.ಎಸ್‌ಸಿ. ಓದಿದ್ದೂ ಇಲ್ಲೇ, ಆಗ ಅದು ಮೈಸೂರು ವಿಶ್ವವಿದ್ಯಾನಿಲಯದ ಭಾಗವೇ ಆಗಿತ್ತು.

ಆದರೆ ಕನ್ನಡದ ದೃಷ್ಟಿಯಿಂದ ಸೆಂಟ್ರಲ್ ಕಾಲೇಜಿನ ಹೆಚ್ಚುಗಾರಿಕೆ ಬೇರೊಂದಿದೆ. ಅಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆ ಸೇರಿ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆ ತೆಗೆದರು. ಇಂಗ್ಲಿಷ್ ಬಾರದ ಓದುಗರಿಗೆ ಕನ್ನಡದಲ್ಲೇ ವಿಜ್ಞಾನ ಹೇಳುವ ಉದ್ದೇಶ. ಎರಡು ವರ್ಷ ನಡೆದು ಅದು ನಿಂತಿತು. ನಿಂತದ್ದು ದೊಡ್ಡ ಮಾತಲ್ಲ. ಭೌತಶಾಸ್ತ್ರದ ಮೇಷ್ಟರು ತಮ್ಮ ಶಾಸ್ತ್ರವನ್ನು ತರಗತಿಯ ಆಚೆಗೆ, ಬೀದಿಯ ಭಾಷೆಗೆ ಒಯ್ಯುವುದು ತಮ್ಮ ಕರ್ತವ್ಯವೆಂದುಕೊಂಡರಲ್ಲ, ಅದು ದೊಡ್ಡದು. ಅವರೇ ಪಂಪಭಾರತವನ್ನೂ ಸಂಪಾದಿಸಿದರು. 1919ರಲ್ಲಿ ಅದೇ ಕಾಲೇಜಿನ ಕರ್ಣಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳು ‘ಪ್ರಬುದ್ಧ ಕರ್ಣಾಟಕ’ವನ್ನು ಆರಂಭಿಸಿದರು. ಅದು ನಿಲ್ಲಲಿಲ್ಲ. ಮುಂದೆ ವಿಶ್ವವಿದ್ಯಾನಿಲಯವೇ ಅದರ ಹೊಣೆ ಹೊತ್ತಿತು. ಕನ್ನಡದ ಸಂಶೋಧನೆ, ವಿಮರ್ಶೆ, ಕವಿತೆ ಹಲವು ದಶಕಗಳ ಕಾಲ ಅದರ ಪುಟಗಳಲ್ಲಿ ಬೆಳೆದವು.

ಈ ಒಂಟಿ ಪ್ರಯತ್ನಗಳಿಗೆ ವಿಶ್ವವಿದ್ಯಾನಿಲಯದ ಒಳಗೆ ನೆಲೆ ಒದಗಿಸಿದವರು ಬಿ.ಎಂ. ಶ್ರೀಕಂಠಯ್ಯ, ಎಲ್ಲರ ಬಿ.ಎಂ.ಶ್ರೀ. ಅವರು ಇಂಗ್ಲಿಷ್ ಪ್ರಾಧ್ಯಾಪಕರು. 1911ರಲ್ಲೇ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ತಲೆಯೆತ್ತುವ ಬಗೆ ಹೇಗೆಂದು ಉಪನ್ಯಾಸ ಕೊಟ್ಟಿದ್ದವರು. 1926ರಲ್ಲಿ ವಿಶ್ವವಿದ್ಯಾನಿಲಯದ ಕುಲಸಚಿವರಾದರು. ಮರುವರ್ಷವೇ ಕನ್ನಡದಲ್ಲಿ ಎಂ.ಎ. ತರಗತಿ ಶುರುವಾಯಿತು. ಕನ್ನಡದಲ್ಲಿ ಸ್ನಾತಕೋತ್ತರ ಪದವಿ ಪಡೆಯುವಷ್ಟು ಸರಕು ಇದೆಯೇ ಎಂದು ಅನುಮಾನಿಸುತ್ತಿದ್ದ ಕಾಲದಲ್ಲಿ ಟಿ.ಎಸ್. ವೆಂಕಣ್ಣಯ್ಯ, ಬಿ.ಎಂ.ಶ್ರೀ, ಕೃಷ್ಣಶಾಸ್ತ್ರಿಗಳು ಪಾಠ ಮಾಡಿಯೇ ಉತ್ತರ ಕೊಟ್ಟರು. ಮುಂದೆ ಡಿ.ಎಲ್. ನರಸಿಂಹಾಚಾರ್, ತೀ.ನಂ. ಶ್ರೀಕಂಠಯ್ಯ ಅವರಂಥ ವಿದ್ವಾಂಸರು ಆ ಪೀಠಗಳಲ್ಲಿ ಕೂತರು. ಕನ್ನಡ ಓದಿ ಮೇಷ್ಟರಾಗಬಹುದು, ಸಂಶೋಧಕರಾಗಬಹುದು ಎಂಬ ಧೈರ್ಯ ಬಂದದ್ದು ಆಗ.

ಮಲೆನಾಡಿನ ಕುಪ್ಪಳಿಯಿಂದ ಮೈಸೂರಿಗೆ ಓದಲು ಬಂದಿದ್ದ ಹುಡುಗನೊಬ್ಬ ಶುರುವಿನಲ್ಲಿ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವುಗಳನ್ನು ನೋಡಿ, ನಿಮ್ಮ ನುಡಿಯಲ್ಲೇ ಏಕೆ ಬರೆಯಬಾರದು ಎಂದು ಕೇಳಿದರು. ಹುಡುಗ ತತ್ತ್ವಶಾಸ್ತ್ರದಲ್ಲಿ ಬಿ.ಎ. ಮುಗಿಸಿ, ಹೊಸದಾಗಿ ತೆರೆದ ಕನ್ನಡ ಎಂ.ಎ.ಗೆ ಸೇರಿ, 1929ರಲ್ಲಿ ಪದವಿ ಪಡೆದು ಮಹಾರಾಜ ಕಾಲೇಜಿನಲ್ಲೇ ಕನ್ನಡ ಅಧ್ಯಾಪಕನಾದ. ಅವರೇ ಕುವೆಂಪು. ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅವರು ಅರ್ಪಿಸಿದ್ದು ಗುರು ವೆಂಕಣ್ಣಯ್ಯನವರಿಗೆ.

ಈ ವಿಶ್ವವಿದ್ಯಾನಿಲಯದ ಚರಿತ್ರೆಯಲ್ಲಿ ಎಲ್ಲಕ್ಕಿಂತ ಹೆಚ್ಚು ನೆನೆಯಬೇಕಾದದ್ದು, ಆದರೆ ಇಂದು ಎಲ್ಲಕ್ಕಿಂತ ಕಡಿಮೆ ನೆನೆಯುವುದು, 1930ರ ದಶಕದಲ್ಲಿ ಕುದುರಿಕೊಂಡ ಪ್ರಚಾರೋಪನ್ಯಾಸಗಳನ್ನು. ಯೋಜನೆ ಬಹಳ ಸರಳ. ಪ್ರಾಧ್ಯಾಪಕರು ತಾಲ್ಲೂಕು ಕೇಂದ್ರಗಳಿಗೆ, ಹಳ್ಳಿಗಳಿಗೆ ಹೋಗಬೇಕು. ಅಲ್ಲಿನ ಜನರ ಮುಂದೆ ತಮ್ಮ ವಿಷಯದ ಬಗ್ಗೆ ಕನ್ನಡದಲ್ಲಿ ಮಾತಾಡಬೇಕು. ಆರೋಗ್ಯ, ವಿಜ್ಞಾನ, ಇತಿಹಾಸ, ಸಾಹಿತ್ಯ, ಯಾವುದಾದರೂ ಸರಿ. ಆಮೇಲೆ ಆ ಉಪನ್ಯಾಸ ಸಣ್ಣ ಪುಸ್ತಕವಾಗಿ ಅಚ್ಚಾಗಿ ಕೆಲವೇ ಆಣೆಗಳಿಗೆ ಸಿಗುತ್ತಿತ್ತು. ಇಂಗ್ಲಿಷಿನಲ್ಲೇ ಓದಿ, ಇಂಗ್ಲಿಷಿನಲ್ಲೇ ಪಾಠ ಹೇಳಿ ರೂಢಿಯಿದ್ದ ಅಧ್ಯಾಪಕರಿಗೆ ಇದು ಸುಲಭದ ಕೆಲಸವಾಗಿರಲಿಲ್ಲ. ತಾನು ಕಲಿತದ್ದನ್ನು ಅಕ್ಷರ ಬಾರದ ಹಿರಿಯರಿಗೂ ತಿಳಿಯುವ ಹಾಗೆ ಹೇಳಬೇಕಾದರೆ ಮೊದಲು ತನಗೇ ಅದು ಎಷ್ಟು ತಿಳಿದಿದೆ ಎಂದು ನೋಡಿಕೊಳ್ಳಬೇಕಾಗುತ್ತದೆ. ಜ್ಞಾನವನ್ನು ಕಟ್ಟಡದೊಳಗೆ ಕೂಡಿಹಾಕದೆ, ಅದಕ್ಕೆ ಕಂದಾಯ ಕಟ್ಟಿದವರ ಮನೆ ಬಾಗಿಲಿಗೆ ಒಯ್ದ ಈ ಕೆಲಸಕ್ಕೆ ಸಮನಾದದ್ದು ಆ ಕಾಲದ ಭಾರತದಲ್ಲಿ ವಿರಳ. ಈ ಮಾಲೆಯನ್ನು ಹೊರತರುತ್ತಿದ್ದ ವಿಭಾಗವೇ ಇಂದಿನ ಪ್ರಸಾರಾಂಗ. ಕರ್ನಾಟಕದ ಬೇರೆ ವಿಶ್ವವಿದ್ಯಾನಿಲಯಗಳು ತಮ್ಮ ಪ್ರಕಟಣಾ ವಿಭಾಗಕ್ಕೆ ಪ್ರಸಾರಾಂಗವೆಂದೇ ಹೆಸರಿಟ್ಟುಕೊಂಡಿವೆ.

ಹೊರಗಿನ ಜನರನ್ನು ತಲುಪುವ ಇದೇ ಹಂಬಲ ಇನ್ನೊಬ್ಬ ಮೇಷ್ಟರನ್ನು ರೇಡಿಯೋ ಕಡೆಗೆ ತಿರುಗಿಸಿತು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠಲ ವಿಹಾರ’ದಲ್ಲಿ ಬಾನುಲಿ ಕೇಂದ್ರ ತೆರೆದರು. ಖರ್ಚು ಅವರ ಸ್ವಂತದ್ದು. ಅದಕ್ಕಿಟ್ಟ ಹೆಸರು ಆಕಾಶವಾಣಿ. ಅದೇ ಕಾಲೇಜಿನ ಚರಿತ್ರೆಯ ಅಧ್ಯಾಪಕ, ಹಾಸ್ಯ ಸಾಹಿತಿ ನಾ. ಕಸ್ತೂರಿ ಸೂಚಿಸಿದ ಹೆಸರದು. ಮುಂದೆ ಭಾರತ ಸರ್ಕಾರದ ಬಾನುಲಿ ಸೇವೆಗೂ ಅದೇ ಹೆಸರು ಬಂತೆಂಬುದನ್ನು ಮೈಸೂರಿನವರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳಬೇಕಾದ್ದೇ.

1946ರಲ್ಲಿ ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಹೊರಬಂತು. ಪಂಡಿತರ ದೊಡ್ಡ ತಂಡವೊಂದು ವರ್ಷಗಟ್ಟಲೆ ದುಡಿದದ್ದರ ಫಲ ಅದು. ಪತ್ರಿಕಾ ಕಚೇರಿ, ನ್ಯಾಯಾಲಯ, ಶಾಲೆ, ಭಾಷಾಂತರಕಾರರ ಮೇಜು, ಎಲ್ಲಿ ನೋಡಿದರೂ ಆ ದಪ್ಪ ನಿಘಂಟು ಇರುತ್ತಿತ್ತು. ಮುಂದೆ ಪರಿಷ್ಕರಣೆಗೊಂಡು ನಾಲ್ಕು ಸಂಪುಟಗಳಾಯಿತು.

ಸ್ವಾತಂತ್ರ್ಯದ ವರ್ಷ ಕ್ರಾಫರ್ಡ್ ಹಾಲ್ ಎದ್ದುನಿಂತಿತು. ಕುಲಪತಿಗಳ, ಕುಲಸಚಿವರ ಕಚೇರಿಗಳಿರುವುದು ಅಲ್ಲೇ. ಮೈಸೂರಿನ ವಿದ್ಯಾರ್ಥಿಗಳು ಆಡಳಿತದ ವಿಷಯ ಮಾತಾಡುವಾಗ ಕ್ರಾಫರ್ಡ್ ಹಾಲ್ ಎಂದರೆ ಸಾಕು, ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅದೇ 1947ರ ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ ‘ಮೈಸೂರು ಚಲೋ’ ಚಳವಳಿ ನಗರದ ಶಾಲೆ, ಕಾಲೇಜುಗಳನ್ನೆಲ್ಲ ಬೀದಿಗೆ ತಂದಿತ್ತು. ಗುಂಡಿಗೆ ಬಲಿಯಾದ ಹೈಸ್ಕೂಲು ವಿದ್ಯಾರ್ಥಿ ರಾಮಸ್ವಾಮಿಯ ಹೆಸರಿನ ವೃತ್ತ ಊರಿನ ಕಾಲೇಜುಗಳ ನಡುವೆಯೇ ಇದೆ.

ಕುವೆಂಪು 1956ರಲ್ಲಿ ಕುಲಪತಿಗಳಾದರು. ಆಗ ಆ ಹುದ್ದೆಗೆ ಉಪಕುಲಪತಿ ಎನ್ನುತ್ತಿದ್ದರು. ಇದೇ ವಿಶ್ವವಿದ್ಯಾನಿಲಯದಲ್ಲಿ ಓದಿ, ಪಾಠ ಮಾಡಿ, ಪ್ರಾಂಶುಪಾಲರಾಗಿ, ಆ ಸ್ಥಾನಕ್ಕೇರಿದ ಮೊದಲಿಗರು ಅವರು. ಅದೂ ಕನ್ನಡದ ಮೇಷ್ಟರು. ಅವರ ನಾಲ್ಕು ವರ್ಷಗಳಲ್ಲಿ ಎರಡು ಕೆಲಸಗಳು ಎದ್ದು ಕಾಣುತ್ತವೆ. ಪದವಿ ತರಗತಿಗಳಲ್ಲಿ ಕನ್ನಡ ಮಾಧ್ಯಮಕ್ಕೆ ದಾರಿ ತೆರೆದು, ಆಯಾ ವಿಷಯದ ಅಧ್ಯಾಪಕರಿಂದಲೇ ಕನ್ನಡದಲ್ಲಿ ಪಠ್ಯಪುಸ್ತಕ ಬರೆಯಿಸಿದ್ದು ಒಂದು. ಇನ್ನೊಂದು, ಊರಿನ ಪಶ್ಚಿಮಕ್ಕೆ, ಕುಕ್ಕರಹಳ್ಳಿ ಕೆರೆಯ ಆಚೆ ದಡದಲ್ಲಿ ಸ್ನಾತಕೋತ್ತರ ವಿಭಾಗಗಳಿಗೆಲ್ಲ ಒಂದೇ ಆವರಣ ಕಟ್ಟಿದ್ದು. ಅದಕ್ಕೆ ಅವರಿಟ್ಟ ಹೆಸರು ಮಾನಸಗಂಗೋತ್ರಿ. ಹೆಸರಿನಲ್ಲಿ ಇಂಗ್ಲಿಷಿನ ‘ಕ್ಯಾಂಪಸ್’ ಇಲ್ಲ, ರಾಜರ ಬಿರುದೂ ಇಲ್ಲ. ವಿದ್ಯಾರ್ಥಿಗಳ ಬಾಯಲ್ಲಿ ಅದು ಬರೀ ಗಂಗೋತ್ರಿ.

ಆವರಣದೊಳಗೆ ಗುಡ್ಡದ ಮೇಲಿನ ಜಯಲಕ್ಷ್ಮೀ ವಿಲಾಸ ಅರಮನೆಯನ್ನು ವಿಶ್ವವಿದ್ಯಾನಿಲಯ 1959ರಲ್ಲಿ ಕೊಂಡುಕೊಂಡಿತು. ಚಾಮರಾಜ ಒಡೆಯರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿಸಿದ ಮನೆ ಅದು. ಅಲ್ಲಿ ಮುಂದೆ ಆದದ್ದನ್ನು ಗಮನಿಸಬೇಕು. 1968ರಲ್ಲಿ ಅದರೊಳಗೆ ಜಾನಪದ ವಸ್ತುಸಂಗ್ರಹಾಲಯ ಆರಂಭವಾಯಿತು. ದೇ. ಜವರೇಗೌಡ, ಜೀ.ಶಂ. ಪರಮಶಿವಯ್ಯ, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಊರೂರು ಅಲೆದು ತಂದ ವಸ್ತುಗಳು ಸಾವಿರಗಟ್ಟಲೆ: ಸೋಮನ ಮುಖವಾಡ, ನಂದಿಧ್ವಜ, ತೊಗಲುಗೊಂಬೆ, ಯಕ್ಷಗಾನದ ಕಿರೀಟ, ನೇಗಿಲು, ಕೂರಿಗೆ, ಕೊಳಗ, ಒರಳು. ರಾಜಕುಮಾರಿ ಓಡಾಡಿದ ಕೋಣೆಗಳಲ್ಲಿ ಒಕ್ಕಲು ಮಕ್ಕಳ ಮನೆಯ ಸಾಮಾನು ಗೌರವದ ಜಾಗ ಪಡೆಯಿತು. ಹಳ್ಳಿಯ ಜನರ ಹಾಡು, ಕಥೆ, ಉಪಕರಣಗಳೂ ವಿಶ್ವವಿದ್ಯಾನಿಲಯದ ವಿದ್ಯೆಯೇ ಎಂದು ಒಪ್ಪಿಕೊಂಡದ್ದರ ಗುರುತು ಅದು. ಮಂಟೇಸ್ವಾಮಿ, ಮಲೆ ಮಾದೇಶ್ವರರ ಕಾವ್ಯಗಳನ್ನು ನೀಲಗಾರರ, ದೇವರಗುಡ್ಡರ ಬಾಯಿಂದ ಕೇಳಿ ಬರೆದುಕೊಂಡು ಅಚ್ಚು ಹಾಕಿಸುವ ಕೆಲಸವೂ ಮೈಸೂರಿನ ಸುತ್ತ ಆಗಲೇ ನಡೆಯಿತು.

1966ರಲ್ಲಿ ಹುಟ್ಟಿದ ಕನ್ನಡ ಅಧ್ಯಯನ ಸಂಸ್ಥೆ ಇನ್ನೂ ದೊಡ್ಡ ಹೊರೆ ಹೊತ್ತುಕೊಂಡಿತು. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಶಾಸನ ಸಂಪುಟಗಳ ಪರಿಷ್ಕರಣೆ ಒಂದು ಕಡೆ, ಕನ್ನಡ ವಿಶ್ವಕೋಶ ಇನ್ನೊಂದು ಕಡೆ. ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ, ಹದಿನಾಲ್ಕನೆಯದು 2004ರಲ್ಲಿ ಹೊರಬಂತು. ಶುರು ಮಾಡಿದವರಲ್ಲಿ ಅನೇಕರು ಮುಗಿದದ್ದನ್ನು ನೋಡಲಿಲ್ಲ. ಅಣುವಿನಿಂದ ಹಿಡಿದು ಹೊಯ್ಸಳರವರೆಗೆ ಜಗತ್ತಿನ ಸಕಲ ವಿಷಯಗಳನ್ನೂ ಕನ್ನಡದಲ್ಲಿ ಬರೆಯಬಲ್ಲ ನೂರಾರು ಲೇಖಕರು ಕರ್ನಾಟಕದಲ್ಲಿದ್ದಾರೆ ಎಂಬುದು ಆ ಸಂಪುಟಗಳಿಂದ ರುಜುವಾತಾಯಿತು. ಐವತ್ತು ವರ್ಷ ಮೊದಲು ಬೆಳ್ಳಾವೆಯವರು ‘ವಿಜ್ಞಾನ’ ಪತ್ರಿಕೆಗೆ ಲೇಖಕರನ್ನು ಹುಡುಕಬೇಕಾಗಿದ್ದ ಕಾಲಕ್ಕೂ ಇದಕ್ಕೂ ನಡುವಿನ ದೂರವನ್ನು ಕ್ರಮಿಸಿದ್ದು ಈ ಒಂದು ವಿಶ್ವವಿದ್ಯಾನಿಲಯದ ಅಧ್ಯಾಪಕರ ಹಲವು ತಲೆಮಾರು.

ಓದಿಹೋದವರ ಪಟ್ಟಿ ಕೊಡುತ್ತ ಹೋದರೆ ಪುಟ ಸಾಲದು. ಆರ್.ಕೆ. ನಾರಾಯಣ್ 1930ರಲ್ಲಿ ಮಹಾರಾಜ ಕಾಲೇಜಿನಿಂದ ಬಿ.ಎ. ಪಡೆದರು. ತಮ್ಮ ಆರ್.ಕೆ. ಲಕ್ಷ್ಮಣ್ ಮುಂಬಯಿಯ ಕಲಾಶಾಲೆಯಲ್ಲಿ ಜಾಗ ಸಿಗದೆ ಇಲ್ಲೇ ಓದುತ್ತ, ರಾಶಿಯವರ ಹಾಸ್ಯಪತ್ರಿಕೆ ‘ಕೊರವಂಜಿ’ಗೆ ಚಿತ್ರ ಬರೆಯುತ್ತಿದ್ದರು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಇಲ್ಲಿನ ವಿದ್ಯಾರ್ಥಿ. ಕೊನೆಯ ಮಹಾರಾಜ ಜಯಚಾಮರಾಜ ಒಡೆಯರೂ 1938ರಲ್ಲಿ ಇಲ್ಲಿಂದಲೇ ಚಿನ್ನದ ಪದಕಗಳೊಂದಿಗೆ ಪದವಿ ಪಡೆದವರು. ಎಸ್.ಎಲ್. ಭೈರಪ್ಪ ತತ್ತ್ವಶಾಸ್ತ್ರದಲ್ಲಿ ಚಿನ್ನದ ಪದಕ ಪಡೆದರು. ಇಂಗ್ಲಿಷ್ ವಿಭಾಗದಲ್ಲಿ ಸಿ.ಡಿ. ನರಸಿಂಹಯ್ಯನವರ ಶಿಷ್ಯರಾಗಿ, ಮುಂದೆ ಅಲ್ಲೇ ಅಧ್ಯಾಪಕರಾದ ಯು.ಆರ್. ಅನಂತಮೂರ್ತಿ, ತರಗತಿಯಷ್ಟೇ ಮೈಸೂರಿನ ಕಾಫಿ ಹೌಸಿನಲ್ಲೂ ಕಲಿತೆ ಎನ್ನುತ್ತಿದ್ದರು. ನವ್ಯ ಸಾಹಿತ್ಯದ ಎಷ್ಟೋ ಚರ್ಚೆ ಅಲ್ಲಿ ಗೋಪಾಲಕೃಷ್ಣ ಅಡಿಗರ ಸುತ್ತ ನಡೆದದ್ದು. ಇನ್ಫೋಸಿಸ್ಸಿನ ಎನ್.ಆರ್. ನಾರಾಯಣಮೂರ್ತಿಯವರ ಎಂಜಿನಿಯರಿಂಗ್ ಪದವಿಯೂ ಈ ವಿಶ್ವವಿದ್ಯಾನಿಲಯದ್ದೇ.

ಹೆಸರಾಂತರಷ್ಟೇ ಮುಖ್ಯರು, ತಮ್ಮ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು. ಹಳೆಯ ಮೈಸೂರು ಸೀಮೆಯ ಹಳ್ಳಿಗಳಿಂದ ಬಂದು ಹಾಸ್ಟೆಲುಗಳಲ್ಲಿ ಉಳಿದು ಓದಿದ ದಲಿತ, ಹಿಂದುಳಿದ ಜಾತಿಗಳ ಮಕ್ಕಳು 1970ರ ದಶಕದಲ್ಲಿ ಇಲ್ಲಿನ ಗಾಳಿಯನ್ನೇ ಬದಲಿಸಿದರು. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದು ಮೈಸೂರಿನಲ್ಲಿ ಮಾಡಿದ ಭಾಷಣವೊಂದು ಬೂಸಾ ಪ್ರಕರಣವಾಗಿ ಸಿಡಿಯಿತು. ಕಾಲೇಜುಗಳಲ್ಲಿ ಘರ್ಷಣೆಗಳಾದವು. ಆ ಕುದಿತದಿಂದ ದಲಿತ ಚಳವಳಿ ರೂಪುಗೊಂಡಿತು. ಆಗ ಇಲ್ಲಿ ಓದುತ್ತಿದ್ದ ದೇವನೂರ ಮಹಾದೇವ ‘ದ್ಯಾವನೂರು’ ಕಥೆಗಳ ಮೂಲಕ ಕನ್ನಡಕ್ಕೆ ಹಿಂದೆಂದೂ ಕೇಳದ ದನಿಯನ್ನು ತಂದರು. ಬಿ.ಎಂ.ಶ್ರೀ ತೆರೆಸಿದ ಕನ್ನಡ ತರಗತಿಯ ಬಾಗಿಲು ಆ ಹೊತ್ತಿಗೆ ಇನ್ನಷ್ಟು ಅಗಲವಾಗಿತ್ತು.

ಹುಟ್ಟುವಾಗ ಇಡೀ ಸಂಸ್ಥಾನಕ್ಕೆ ಒಂದೇ ಆಗಿದ್ದ ವಿಶ್ವವಿದ್ಯಾನಿಲಯ ಕಾಲಕಾಲಕ್ಕೆ ಒಡೆಯುತ್ತ ಬಂತು. 1964ರಲ್ಲಿ ಬೆಂಗಳೂರು ಬೇರೆಯಾಯಿತು, ಜೊತೆಗೆ ಸೆಂಟ್ರಲ್ ಕಾಲೇಜೂ ಹೋಯಿತು. ಕೊಣಾಜೆಯ ಸ್ನಾತಕೋತ್ತರ ಕೇಂದ್ರ 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವಾಯಿತು. 1987ರಲ್ಲಿ ಶಿವಮೊಗ್ಗದ ಕಡೆ ಕುವೆಂಪು ವಿಶ್ವವಿದ್ಯಾನಿಲಯ ಬಂತು. 1969ರಲ್ಲಿ ಶುರುವಾಗಿದ್ದ ಅಂಚೆ ಶಿಕ್ಷಣ ಸಂಸ್ಥೆಯಿಂದ 1996ರಲ್ಲಿ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಹುಟ್ಟಿತು. ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳನ್ನು 1990ರ ದಶಕದಲ್ಲಿ ರಾಜೀವ್ ಗಾಂಧಿ ಮತ್ತು ವಿಶ್ವೇಶ್ವರಯ್ಯ ಹೆಸರಿನ ವಿಶ್ವವಿದ್ಯಾನಿಲಯಗಳು ತೆಗೆದುಕೊಂಡವು. ಇತ್ತೀಚಿನ ವರ್ಷಗಳಲ್ಲಿ ಮಂಡ್ಯ, ಹಾಸನ, ಚಾಮರಾಜನಗರಗಳಿಗೂ ಪ್ರತ್ಯೇಕ ವಿಶ್ವವಿದ್ಯಾನಿಲಯಗಳನ್ನು ಕೊಡಲಾಯಿತು. ದೂರದ ಊರಿನ ಮಕ್ಕಳಿಗೆ ಹತ್ತಿರದಲ್ಲಿ ಓದು ಸಿಗುವುದು ಒಳ್ಳೆಯದೇ. ಆದರೆ ಸಂಯೋಜಿತ ಕಾಲೇಜು ಕಡಿಮೆಯಾದಷ್ಟೂ ತಾಯಿ ಸಂಸ್ಥೆಯ ಆದಾಯವೂ ಇಳಿಯುತ್ತದೆ ಎಂಬುದನ್ನು ಮರೆತು ಈ ಪಾಲುಪಟ್ಟಿ ಮಾಡಬಾರದಿತ್ತು.

ಪರಂಪರೆ ಇನ್ನೂ ಕಣ್ಣಿಗೆ ಕಾಣುವಂತೆ ಉಳಿದಿರುವುದು ಘಟಿಕೋತ್ಸವದಲ್ಲಿ. ಸಿಂಡಿಕೇಟ್ ಮತ್ತು ವಿದ್ಯಾವಿಷಯಕ ಪರಿಷತ್ತಿನ ಸದಸ್ಯರು ಗೌನು ತೊಟ್ಟು ಮೆರವಣಿಗೆಯಲ್ಲಿ ಬರುತ್ತಾರೆ. ಗಂಡಭೇರುಂಡವಿರುವ ಸಂಸ್ಥಾನದ ಕಾಲದ ಲಾಂಛನ, ಜ್ಞಾನಕ್ಕೆ ಸಮನಾದದ್ದು ಇಲ್ಲವೆಂಬ ಅರ್ಥದ ಧ್ಯೇಯವಾಕ್ಯ ಇಂದಿಗೂ ಪದವಿಪತ್ರದ ಮೇಲಿವೆ. ಜನ ಕಾದು ನೋಡುವುದು ಮಾತ್ರ ದತ್ತಿ ಪದಕಗಳನ್ನು. ತೀರಿಹೋದ ತಾಯಿ, ತಂದೆ, ಗುರುಗಳ ನೆನಪಿಗೆ ಮನೆಯವರು ಇಟ್ಟ ಹಣದ ಬಡ್ಡಿಯಿಂದ ಕೊಡುವ ಪದಕಗಳಿವು. ಒಂದೊಂದರ ಹಿಂದೆಯೂ ಒಂದು ಕುಟುಂಬದ ಕಥೆಯಿದೆ. ಇತ್ತೀಚೆಗೆ ವೇದಿಕೆ ಹತ್ತಿ ಕೊರಳು ತುಂಬ ಪದಕ ಹಾಕಿಸಿಕೊಳ್ಳುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು, ಸಭಾಂಗಣದ ಹಿಂದಿನ ಸಾಲುಗಳಲ್ಲಿ ಊರಿಂದ ಬಂದ ಅಪ್ಪ ಅಮ್ಮಂದಿರು. 2020ರ ಅಕ್ಟೋಬರ್ 19ರಂದು ನಡೆದ ನೂರನೆಯ ಘಟಿಕೋತ್ಸವ ಕೋವಿಡ್ ನಡುವೆ ಸಿಕ್ಕಿಕೊಂಡದ್ದರಿಂದ ಪ್ರಧಾನಿಯವರ ಭಾಷಣ ದೆಹಲಿಯಿಂದ ಪರದೆಯ ಮೇಲೆ ಬಂತು.

ಇಂದಿನ ಗಂಗೋತ್ರಿಯಲ್ಲಿ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುವವರ ಸಾಲು, ದಸರಾಕ್ಕೆ ಮೊದಲು ಬಯಲು ರಂಗಮಂದಿರದಲ್ಲಿ ‘ಯುವ ಸಂಭ್ರಮ’ದ ಗದ್ದಲ, ಪಶ್ಚಿಮ ಏಷ್ಯಾ, ಆಫ್ರಿಕಾಗಳಿಂದ ಬಂದ ವಿದ್ಯಾರ್ಥಿಗಳು, ಎಲ್ಲವೂ ಇವೆ. ಪಕ್ಕದಲ್ಲೇ ವಾಕ್ ಶ್ರವಣ ಸಂಸ್ಥೆ, ಭಾರತೀಯ ಭಾಷಾ ಸಂಸ್ಥಾನಗಳಿವೆ. ಚಿಂತೆಯೂ ಇದೆ. ಕಾಯಂ ಅಧ್ಯಾಪಕರು ನಿವೃತ್ತರಾದ ಜಾಗಗಳು ಖಾಲಿ ಉಳಿದು, ಅನೇಕ ವಿಭಾಗಗಳು ಅತಿಥಿ ಉಪನ್ಯಾಸಕರನ್ನೇ ನೆಚ್ಚಿಕೊಂಡಿವೆ. ವರ್ಷದಿಂದ ವರ್ಷಕ್ಕೆ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ಕಾಯುವ ಅಧ್ಯಾಪಕರಿಂದ ಮೂವತ್ತೈದು ವರ್ಷಗಳ ವಿಶ್ವಕೋಶವನ್ನು ನಿರೀಕ್ಷಿಸಲಾಗದು. ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ 2000ದ ದಶಕದಲ್ಲಿ ದುರಸ್ತಿಯಾಗಿದ್ದ ಜಯಲಕ್ಷ್ಮೀ ವಿಲಾಸ ಮತ್ತೆ ಶಿಥಿಲಗೊಂಡು, ಜಾನಪದದ ಆ ಸಂಗ್ರಹ ಜನರಿಗೆ ಸಿಗದಂತಾಯಿತು. ಹಳ್ಳಿಯವರು ನಂಬಿ ಕೊಟ್ಟ ವಸ್ತುಗಳು ಅವು. ಸರ್ಕಾರ ಇದನ್ನು ಕಟ್ಟಡ ದುರಸ್ತಿಯ ಸಾಮಾನ್ಯ ಕಡತಗಳಲ್ಲಿ ಒಂದಾಗಿ ನೋಡಬಾರದು.

ಕನ್ನಡ ವಿಶ್ವಕೋಶದ ಸಂಪುಟಗಳನ್ನು ಕಳೆದ ದಶಕದಲ್ಲಿ ವಿಶ್ವವಿದ್ಯಾನಿಲಯ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಸ್ವಯಂಸೇವಕರು ಅವುಗಳ ಲೇಖನಗಳನ್ನು ಕನ್ನಡ ವಿಕಿಸೋರ್ಸಿಗೆ ಏರಿಸಿದರು. ಹಾಗಾಗಿ ಮೊಬೈಲ್ ಇರುವ ಯಾರಾದರೂ ಅವನ್ನು ಕಾಸು ಕೊಡದೆ ಓದಬಹುದು. ಬರೆದು ದಶಕಗಳಾದ ಕಾರಣ ವಿಜ್ಞಾನದ, ಭೂಗೋಳದ ಎಷ್ಟೋ ಲೇಖನಗಳಿಗೆ ಈಗ ಪರಿಷ್ಕರಣೆ ಬೇಕು, ಕಂಪ್ಯೂಟರ್, ತಳಿವಿಜ್ಞಾನ, ಹವಾಮಾನ ಬದಲಾವಣೆಗಳ ಬಗ್ಗೆ ಹೊಸ ಬರಹಗಳು ಬೇಕು. ಆ ಕೆಲಸಕ್ಕೆ ಸಂಪಾದಕ ಮಂಡಲಿ, ಖಾಯಂ ಸಿಬ್ಬಂದಿ, ವರ್ಷವರ್ಷದ ಅನುದಾನ ಬೇಕು. ಕುವೆಂಪು ಹೆಸರು ಹೊತ್ತ ಕನ್ನಡ ಅಧ್ಯಯನ ಸಂಸ್ಥೆ ಗಂಗೋತ್ರಿಯಲ್ಲಿ ಇಂದಿಗೂ ಇದೆ. ವಿಜ್ಞಾನದ ವಿಭಾಗಗಳೆಲ್ಲ ಅದರಿಂದ ನಡೆದು ಹೋಗುವಷ್ಟು ದೂರದಲ್ಲಿವೆ.